ಮುಟ್ಟಿದರೆ ಹಾಡುವ ಬೀಸುಕಲ್ಲು ಮತ್ತು ಫೈನಲ್ ಜ್ಯೂರಿ

ಪೇಂಟಿಂಗ್ ಮಾಡಿದವರಿಗೆ ಜ್ಯೂರಿ, ಅಂದರೆ ಪರೀಕ್ಷಕರು ಬಂದು ಕೆಲಸ ನೋಡುವ ಕೊನೆಯ ಪರೀಕ್ಷೆ, ಸುಲಭ. ಗೋಡೆಗೆ ತೂಗುಹಾಕಿ, ಒಂದು ಒಳ್ಳೆ ಫೋಟೊ ತೆಗೆದಿಟ್ಟುಕೊಂಡರೆ ಆಯ್ತು. ಇಂಟರ್‌ಆಕ್ಟಿವ್ ಕೆಲಸ ಹಾಗಲ್ಲ. ಯಾರೂ ಮುಟ್ಟದಿದ್ದರೆ ಅದು ಸುಮ್ನೆ ಒಂದು ಡಬ್ಬಿ, ನಾಲ್ಕು ವೈರು. ಪರೀಕ್ಷಕರು ನಿಮ್ಮ ಮುಂದೆ ನಿಲ್ಲುವ ಸ್ವಲ್ಪ ಹೊತ್ತಿನಲ್ಲೇ ಮುಟ್ಟಬೇಕು, ಅದು ಸ್ಪಂದಿಸಬೇಕು, ತಾನು ಮುಟ್ಟಿದ್ದಕ್ಕೇ ಹೀಗಾಯ್ತು ಅಂತ ಅವರಿಗೆ ಅನಿಸಬೇಕು.

ನಾನು ಬೆಂಗಳೂರಿನ ಒಂದು ಡಿಸೈನ್ ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬ್ ನೋಡಿಕೊಳ್ಳುವವಳು. ಮಾರ್ಕ್ಸ್ ಕೊಡುವ ಕೆಲಸ ನನ್ನದಲ್ಲ. ಆದರೆ ಜ್ಯೂರಿ ಹಿಂದಿನ ರಾತ್ರಿ ವೈರು ಬೆಸೆಯುವ ಸೋಲ್ಡರಿಂಗ್ ಐರನ್‌ಗೆ ಕ್ಯೂ ನಿಲ್ಲುವ ಮಕ್ಕಳೆಲ್ಲ ನನ್ನ ಕಣ್ಣಮುಂದೆಯೇ ಇರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಉದಾಹರಣೆಗೆ ನಮ್ಮ ಹುಡುಗಿಯೊಬ್ಬಳು ಮಾಡಿದ ಬೀಸುಕಲ್ಲನ್ನೇ ತಗೊಳ್ಳಿ. ಮೇಲಿನ ಕಲ್ಲಿನ ಅಂಚಿಗೆ ಪುಟ್ಟ ಪುಟ್ಟ ಅಯಸ್ಕಾಂತ, ಪಕ್ಕದಲ್ಲಿ ಅಯಸ್ಕಾಂತವನ್ನು ಗುರುತಿಸುವ ಒಂದು ಹಾಲ್ ಸೆನ್ಸರ್. ಅಯಸ್ಕಾಂತ ಹಾದುಹೋದಾಗೆಲ್ಲ ಆರ್ಡುಯಿನೊ ಅನ್ನುವ ಪುಟ್ಟ ಸರ್ಕ್ಯೂಟ್ ಬೋರ್ಡ್ ಎಣಿಸುತ್ತದೆ, ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಅವಳ ಅಜ್ಜಿಯ ಬೀಸುವ ಪದವನ್ನು ನುಡಿಸುತ್ತದೆ. ಕೈ ನಿಧಾನವಾದರೆ ಹಾಡೂ ನಿಧಾನ. ಕೈ ಬಿಟ್ಟರೆ ಹಾಡು ನಿಂತುಹೋಗುತ್ತದೆ.

ದಾಖಲೆ ಶುರು ಮಾಡಬೇಕಾದ್ದು ಮೊದಲ ದಿನದಿಂದ, ಕೊನೆಯ ವಾರದಲ್ಲಲ್ಲ. ಪ್ರತಿ ಸಲ ವೈರಿಂಗ್ ಬದಲಾಯಿಸುವ ಮುಂಚೆ ಫೋನಿನಲ್ಲಿ ಒಂದು ಫೋಟೊ. ಕೋಡ್‌ನ ಪ್ರತಿ ಆವೃತ್ತಿಗೂ ಹೆಸರಿನ ಜೊತೆ ತಾರೀಕು. ನೋಟ್‌ಬುಕ್ಕಿನಲ್ಲಿ ಎರಡು ಸಾಲು: ಏನು ಮಾಡಿದೆ, ಯಾಕೆ ಬಿಟ್ಟೆ. ಆ ಹುಡುಗಿ ಮೊದಲು ಬಳಸಿದ್ದು ಬೆಳಕಿನ ಹೆಚ್ಚುಕಮ್ಮಿ ಗುರುತಿಸುವ ಎಲ್‌ಡಿಆರ್. ಕೈಯ ನೆರಳು ಬಿದ್ದರೆ ಹಾಡು ಬರಬೇಕಿತ್ತು. ಲ್ಯಾಬಿನ ಟ್ಯೂಬ್‌ಲೈಟಿನಲ್ಲಿ ಚೆನ್ನಾಗಿತ್ತು, ಕಿಟಕಿ ಪಕ್ಕ ಇಟ್ಟ ತಕ್ಷಣ ಕೆಟ್ಟಿತು, ಮೋಡ ಬಂದರೂ ಹಾಡು ಶುರು! ಆಗ ಅಯಸ್ಕಾಂತಕ್ಕೆ ಬದಲಾಯಿಸಿದಳು. ವೈವಾದಲ್ಲಿ "ಇದೇ ಸೆನ್ಸರ್ ಯಾಕಮ್ಮ?" ಅಂತ ಕೇಳಿದಾಗ ಆ ಪುಟ ತೆಗೆದು ತೋರಿಸಿದಳು, ಅಷ್ಟೇ.

ಇನ್ನು ವಿಡಿಯೊ. ಇದಕ್ಕೆ ಜಾಸ್ತಿ ಸಮಯ ಕೊಡಿ. ಕರೆಂಟು ಹೋದರೆ, ಸೆನ್ಸರ್ ಸತ್ತರೆ ನಿಮ್ಮನ್ನು ಉಳಿಸುವುದು ಅದೇ. ಎರಡು ನಿಮಿಷ ಸಾಕು. ಒಂದೇ ನಿಯಮ: ಕೈ ಮತ್ತು ಫಲ ಎರಡೂ ಒಂದೇ ಫ್ರೇಮಿನಲ್ಲಿ, ಕಟ್ ಇಲ್ಲದೆ ಕಾಣಬೇಕು. ಕೈಯನ್ನು ಒಂದು ಶಾಟಿನಲ್ಲಿ, ಪರದೆಯನ್ನು ಇನ್ನೊಂದರಲ್ಲಿ ತೋರಿಸಿದರೆ ಎಡಿಟಿಂಗ್‌ನಲ್ಲಿ ಸೇರಿಸಿದ್ದು ಅಂತಲೇ ಪರೀಕ್ಷಕರು ಅಂದುಕೊಳ್ಳುತ್ತಾರೆ. 1999ರ 'ಟೆಕ್ಸ್ಟ್ ರೈನ್' ಅನ್ನುವ ಕಲಾಕೃತಿ ನೋಡಿ, ಕಮಿಲ್ ಅಟರ್‌ಬ್ಯಾಕ್ ಮತ್ತು ರೋಮಿ ಅಖಿಟುವ್ ಮಾಡಿದ್ದು. ಪರದೆಯ ಮೇಲೆ ಅಕ್ಷರಗಳು ಮಳೆಯ ಹಾಗೆ ಬಿದ್ದು ಜನರ ತೋಳಿನ ಮೇಲೆ ನಿಲ್ಲುತ್ತವೆ. ನಾನು ಅದನ್ನು ನೋಡಿದ್ದು ವಿಡಿಯೊದಲ್ಲಿ ಮಾತ್ರ. ಆದರೂ ಪೂರ್ತಿ ಅರ್ಥವಾಯಿತು, ಯಾಕೆಂದರೆ ತೋಳೂ ಅಕ್ಷರವೂ ಒಟ್ಟಿಗೇ ಕಾಣುತ್ತವೆ.

ವಿಡಿಯೊದಲ್ಲಿ ನೀವೇ ನಟಿಸಬೇಡಿ. ಎಲ್ಲಿ ಮುಟ್ಟಬೇಕು ಅಂತ ನಿಮಗೆ ಗೊತ್ತು, ಆ ಗೊತ್ತಿರುವಿಕೆ ಕಣ್ಣಿಗೆ ಹೊಡೆಯುತ್ತದೆ. ಕ್ಯಾಂಟೀನಿನ ಅಣ್ಣನನ್ನು ಕರೆಯಿರಿ, ಶೂಟ್ ಮಾಡಲು ಅನುಮತಿ ಕೇಳಿ, ಆಮೇಲೆ ಬಾಯಿ ಮುಚ್ಚಿಕೊಂಡು ನಿಲ್ಲಿ. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಹಾಗಾಗಿ ಫೋನಿನ ಪ್ರೊ ಮೋಡ್‌ನಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಡಿ, ಇಲ್ಲದಿದ್ದರೆ ಲೈಟುಗಳು ಪಟ್ಟೆಪಟ್ಟೆಯಾಗಿ ಮಿನುಗುವ ಸಾಧ್ಯತೆ ಜಾಸ್ತಿ. ಎಕ್ಸ್‌ಪೋಶರ್ ಲಾಕ್ ಮಾಡಿ, ಚಿತ್ರದ ಬೆಳಕು ತಾನಾಗಿಯೇ ಏರಿಳಿಯದ ಹಾಗೆ. ಪ್ರೊಜೆಕ್ಟರ್ ಇದ್ದರೆ ಪೂರ್ತಿ ಕತ್ತಲೆ ಮಾಡಬೇಡಿ, ಕೈ ಕಾಣುವುದೇ ಇಲ್ಲ. ಪಕ್ಕದಿಂದ ಒಂದು ಚಿಕ್ಕ ಲ್ಯಾಂಪ್ ಇಡಿ, ಬೆಳಕು ಪರದೆಗೆ ಬೀಳದ ಹಾಗೆ. ಸದ್ದಿಗೆ ಇನ್ನೊಂದು ಫೋನನ್ನು ಕಲಾಕೃತಿಯ ಹತ್ತಿರವೇ ಇಟ್ಟು ರೆಕಾರ್ಡ್ ಮಾಡಿ. ಹಿನ್ನೆಲೆ ಸಂಗೀತ ಬೇಡವೇ ಬೇಡ. ಕಲ್ಲಿನ ಗರಗರ ಸದ್ದಿಗಿಂತ ಚೆಂದದ ಸಂಗೀತ ಯಾವುದಿದೆ ಹೇಳಿ?

ಇಡುವ ವಿಷಯಕ್ಕೆ ಬರೋಣ. ಗ್ಯಾಲರಿಯಲ್ಲಿ ಏನನ್ನೂ ಮುಟ್ಟಬಾರದು ಅಂತ ನಮಗೆಲ್ಲ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. ಬೀಸುಕಲ್ಲನ್ನು ಬಿಳಿ ಪೆಡೆಸ್ಟಲ್ ಮೇಲೆ ಇಟ್ಟಾಗ ಜನ ಕೈ ಕಟ್ಟಿಕೊಂಡು ನೋಡಿ ಹೋದರು. 'ದಯವಿಟ್ಟು ಮುಟ್ಟಿ' ಅನ್ನುವ ಬೋರ್ಡಿಗೂ ಬಗ್ಗಲಿಲ್ಲ. ಆಮೇಲೆ ನೆಲದ ಮೇಲೆ ಚಾಪೆ ಹಾಸಿ, ಕಲ್ಲಿನ ಪಕ್ಕ ಮೊರದಲ್ಲಿ ಎರಡು ಹಿಡಿ ರಾಗಿ ಇಟ್ಟಳು. ಬಂದವರು ತಾವಾಗಿಯೇ ಕೂತು ಗೂಟ ಹಿಡಿದರು. ಹಿಟ್ಟು ಸೆನ್ಸರ್ ಮೇಲೆ ಬೀಳದಂತೆ ತೆಳು ಪ್ಲಾಸ್ಟಿಕ್ ಮುಚ್ಚಳ ಹಾಕಿದ್ದೆವು. ನಡುವೆ ಪ್ಲಾಸ್ಟಿಕ್ ಇದ್ದರೂ ಹಾಲ್ ಸೆನ್ಸರಿಗೆ ಅಯಸ್ಕಾಂತ ಗೊತ್ತಾಗುತ್ತದೆ.

ಬ್ರೆಡ್‌ಬೋರ್ಡನ್ನು (ಬೆಸೆಯದೆ ವೈರು ಚುಚ್ಚಿ ಜೋಡಿಸುವ ಹಲಗೆ) ಜ್ಯೂರಿಗೆ ತರಲೇಬೇಡಿ, ಒಂದು ವೈರು ಸಡಿಲವಾದರೆ ಮುಗೀತು. ಸೋಲ್ಡರ್ ಮಾಡಿ. ನೆಲದ ವೈರುಗಳಿಗೆ ಟೇಪ್ ಅಂಟಿಸಿ. ಕರೆಂಟು ಹೋಗಿ ಬಂದರೆ ಆರ್ಡುಯಿನೊ ತಾನೇ ಮತ್ತೆ ಶುರುವಾಗುತ್ತದೆ. ಪೈ ಹಾಗಲ್ಲ, ಪ್ರೋಗ್ರಾಂ ಆಟೊ ಸ್ಟಾರ್ಟ್ ಆಗುವಂತೆ ಮೊದಲೇ ಹೊಂದಿಸಬೇಕು. ದಿಢೀರ್ ಕರೆಂಟು ಹೋದರೆ ಅದರ ಎಸ್‌ಡಿ ಕಾರ್ಡ್ ಕೆಡಲೂಬಹುದು. ಒಂದು ಸಣ್ಣ ಯುಪಿಎಸ್ ಇರಲಿ, ಕಾರ್ಡಿನ ನಕಲು ಜೇಬಿನಲ್ಲಿರಲಿ. ಜೊತೆಗೆ ಇನ್ನೊಂದು ಸೆನ್ಸರ್, ಇನ್ನೊಂದು ಯುಎಸ್‌ಬಿ ಕೇಬಲ್. ಎಲೆಕ್ಟ್ರಾನಿಕ್ಸ್ ಸಾಮಾನು ಸಿಗುವ ಎಸ್.ಪಿ. ರೋಡಿಗೆ ಹೋದಾಗ ಎಲ್ಲವನ್ನೂ ಎರಡೆರಡು ತನ್ನಿ, ಜ್ಯೂರಿ ದಿನ ಓಡಲು ಆಗುವುದಿಲ್ಲ.

ಒಬ್ಬರು ಎದ್ದು ಹೋದ ಮೇಲೆ ಕೆಲಸ ತಾನೇ ಮೊದಲಿನ ಸ್ಥಿತಿಗೆ ಬರಬೇಕು. ಹಾಡು ಅರ್ಧಕ್ಕೆ ನಿಂತಿದ್ದರೆ, ಇಪ್ಪತ್ತು ಸೆಕೆಂಡ್ ಯಾರೂ ಮುಟ್ಟದಿದ್ದಾಗ ಮತ್ತೆ ಪಲ್ಲವಿಗೆ ಬರುವಂತೆ ಬರೆದಿಡಿ. ಪಕ್ಕದ ಸ್ಟಾಲಿನವರದ್ದೂ ಸದ್ದಿನ ಕೆಲಸವಾದರೆ ಹಿಂದಿನ ದಿನವೇ ಮಾತಾಡಿ ವಾಲ್ಯೂಮ್ ಹೊಂದಿಸಿಕೊಳ್ಳಿ. ಲೇಬಲ್‌ನಲ್ಲಿ ಹೆಸರು, ವರ್ಷ, ಏನೇನು ಬಳಸಿದ್ದು ಅಂತ ಇದ್ದರೆ ಸಾಕು. ಹಾಡಿದ ಅಜ್ಜಿಯ ಹೆಸರು ಮಾತ್ರ ಬಿಡಬೇಡಿ, ಅವರ ಒಪ್ಪಿಗೆಯನ್ನೂ ರೆಕಾರ್ಡಿಂಗ್ ದಿನವೇ ಕೇಳಿಟ್ಟುಕೊಳ್ಳಿ.

ಪರೀಕ್ಷಕರು ಬಂದಾಗ ನೀವು ಎರಡು ಹೆಜ್ಜೆ ಹಿಂದೆ ನಿಲ್ಲಿ. ಅವರು ಕೇಳುವ ಮುಂಚೆ ವಿವರಣೆ ಶುರು ಮಾಡಬೇಡಿ. ಜ್ಯೂರಿ ಮುಗಿದ ಖುಷಿಯಲ್ಲಿ ತಕ್ಷಣ ಎಲ್ಲ ಬಿಚ್ಚಲೂಬೇಡಿ. ಪ್ರತಿ ವೈರಿಗೂ ಚೀಟಿ ಅಂಟಿಸಿ, ಸೆನ್ಸರಿಗೂ ಅಯಸ್ಕಾಂತಕ್ಕೂ ಎಷ್ಟು ಮಿಲಿಮೀಟರ್ ಅಂತರವಿತ್ತು ಅಂತ ಅಳೆದು ಬರೆದುಕೊಳ್ಳಿ. ಆಮೇಲೆ ಬಿಚ್ಚಿ. ಲ್ಯಾಬಿನ ಸ್ಕ್ರೂ ಡ್ರೈವರ್ ವಾಪಸ್ ತಂದುಕೊಡಿ.