ವಾಷಿಂಗ್ಟನ್ ಚಿತ್ರ ಕಂಡರೆ ಮೊದಲು ಕೆನ್ನೆ ನೋಡಿ

ಅಮೆರಿಕದ ಮ್ಯೂಸಿಯಂಗಳಲ್ಲಿ ಜಾರ್ಜ್ ವಾಷಿಂಗ್ಟನ್ ಚಿತ್ರಗಳಿಗೆ ಬರವಿಲ್ಲ. ಆ ಕಾಲದ ಚಿತ್ರಕಾರ ಗಿಲ್ಬರ್ಟ್ ಸ್ಟೂವರ್ಟ್ ಬರೆದದ್ದೇ ರಾಶಿ ಇವೆ, ಅವನ್ನು ನೋಡಿ ಬೇರೆಯವರು ಬರೆದದ್ದು ಇನ್ನೊಂದು ರಾಶಿ. ಎದುರಿಗಿರುವುದು ಯಾವುದು ಅಂತ ತಿಳಿಯೋದು ಅಷ್ಟೇನೂ ಕಷ್ಟವಲ್ಲ.

ಮೊದಲು ಕೆನ್ನೆ. ವಾಷಿಂಗ್ಟನ್ನರ ಬಲಗೆನ್ನೆ ಕಾಣುತ್ತಿದ್ದರೆ ಅದು 1795ರ 'ವಾನ್' ಮಾದರಿ. ಎಡಗೆನ್ನೆ ಕಂಡರೆ 1796ರದ್ದು: ಬರೀ ತಲೆ, ಎದೆ ಇದ್ದರೆ 'ಅಥೀನಿಯಂ', ಕೈ ಚಾಚಿ ನಿಂತಿದ್ದರೆ 'ಲಾನ್ಸ್‌ಡೌನ್'. ಜೇಬಿನಲ್ಲಿ ಒಂದು ಡಾಲರ್ ನೋಟಿದ್ದರೆ ತೆಗೆದು ನೋಡಿ. ಅದರಲ್ಲಿರುವುದು ಅಥೀನಿಯಂ ಮುಖವೇ, ಆದರೆ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿದೆ. ಇನ್ನು ಆ ಬಿಗಿದ, ಊದಿದ ಬಾಯಿ? ಕೃತಕ ಹಲ್ಲಿನ ಕಾಟ ಅದು.

ಆಮೇಲೆ, ಚಿತ್ರ ಪೂರ್ತಿಯಾಗಿದೆಯಾ ನೋಡಿ. ಮೂಲ ಅಥೀನಿಯಂ ಅರ್ಧಕ್ಕೇ ನಿಂತಿದೆ. ಮುಖ ಮುಗಿದಿದೆ, ಕೋಟು ಇಲ್ಲವೇ ಇಲ್ಲ. ಅದನ್ನು ಮುಗಿಸಿ ಬರೆಸಿದವರಿಗೆ ಕೊಟ್ಟುಬಿಟ್ಟರೆ ಸ್ಟೂವರ್ಟನಿಗೆ ನೋಡಿಕೊಂಡು ಕಾಪಿ ಮಾಡಲು ಏನೂ ಉಳಿಯುವುದಿಲ್ಲ, ಅಲ್ವಾ? 1828ರಲ್ಲಿ ಸಾಯುವ ತನಕ ಸ್ಟೂವರ್ಟ್ ಅದನ್ನು ತನ್ನ ಹತ್ತಿರವೇ ಇಟ್ಟುಕೊಂಡು 60ಕ್ಕೂ ಜಾಸ್ತಿ ಪ್ರತಿ ಬರೆದ, ಅವನ್ನು ತನ್ನ ನೂರು ಡಾಲರ್ ನೋಟುಗಳು ಅಂತ ಕರೆಯುತ್ತಿದ್ದ. ಬೆಲೆ ಅಷ್ಟೇ ಇತ್ತು. ಹಾಗಾಗಿ ಕೋಟು, ಹಿನ್ನೆಲೆ ಎಲ್ಲ ಇರುವ ಅಥೀನಿಯಂ ಮುಖ ಸಿಕ್ಕರೆ ಅದು ಪ್ರತಿ. ಹಾಗಂತ ಸುಮ್ನೆ ನಕಲು ಅಂತ ತಳ್ಳಿಹಾಕಬೇಡಿ, ಸ್ಟೂವರ್ಟನದೇ ಕೈ ಇರಬಹುದು.

ಯಾರ ಕೈ ಅನ್ನೋದಕ್ಕೆ ಲೇಬಲ್ ಓದಿ. ಬರೀ ಹೆಸರಿದ್ದರೆ ಅವನೇ ಬರೆದದ್ದು. 'ಅಟ್ರಿಬ್ಯೂಟೆಡ್ ಟು' ಅಂದರೆ ಅವನದೇ ಇರಬೇಕು ಅನ್ನೋ ಊಹೆ. 'ಆಫ್ಟರ್' ಅಂತಿದ್ದರೆ ಅವನ ಚಿತ್ರ ನೋಡಿ ಬೇರೆಯವರು ಬರೆದದ್ದು. ಅವನ ಮಗಳು ಜೇನ್ ಕೂಡ ಅಪ್ಪನ ವಾಷಿಂಗ್ಟನ್ ಕಾಪಿ ಮಾಡುತ್ತಿದ್ದಳು.

ಚಿತ್ರ ಗಾಜಿನ ಮೇಲಿದೆಯಾ? ನಮ್ಮ ಹಳೇ ಮನೆಗಳ ದೇವರ ಪಟದ ಹಾಗೆ ಗಾಜಿನ ಹಿಂಬದಿಯಿಂದ ಬರೆದಿದ್ದರೆ, ಬಹುಶಃ ಚೀನಾದ ಕ್ಯಾಂಟನ್ನಿನದು. ಫಿಲಡೆಲ್ಫಿಯಾದ ಹಡಗಿನವನೊಬ್ಬ ಸ್ಟೂವರ್ಟನ ಚಿತ್ರ ಅಲ್ಲಿಗೆ ಒಯ್ದು, ಹೀಗೆ ಕಾಪಿ ಮಾಡಿಸಿ ತಂದು ಮಾರತೊಡಗಿದ. ಸ್ಟೂವರ್ಟ್ ಬಿಡುತ್ತಾನಾ? 1802ರಲ್ಲಿ ಕೋರ್ಟಿಗೆ ಹೋಗಿ ಮಾರಾಟ ನಿಲ್ಲಿಸಿದ. ದಿನಾ ತಾನೇ ಮಾಡುವ ಕೆಲಸಕ್ಕೆ ಇನ್ನೊಬ್ಬನ ಮೇಲೆ ಕೇಸು!

ಲಾನ್ಸ್‌ಡೌನ್ ಮಾದರಿಯಲ್ಲಿ ಮೇಜಿನ ಕಾಲಿನ ಹತ್ತಿರ ಪುಸ್ತಕಗಳಿವೆ, ಬಗ್ಗಿ ಓದಿ. ವಾಷಿಂಗ್ಟನ್ ನಗರದ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿರುವ ಮೂಲದಲ್ಲಿ 'ಯುನೈಟೆಡ್ ಸ್ಟೇಟ್ಸ್' ಅಂತ ಸರಿಯಾಗಿದೆ. ವೈಟ್ ಹೌಸಿನ ಪ್ರತಿಯಲ್ಲಿ ಒಂದು ಅಕ್ಷರ ಬಿಟ್ಟುಹೋಗಿ 'ಯುನೈಟೆಡ್ ಸೇಟ್ಸ್' ಆಗಿದೆ. 1814ರಲ್ಲಿ ಬ್ರಿಟಿಷರು ಬೆಂಕಿ ಇಡಲು ಬರುತ್ತಿದ್ದಾಗ ಆಗಿನ ಅಧ್ಯಕ್ಷರ ಹೆಂಡತಿ ಡಾಲಿ ಮ್ಯಾಡಿಸನ್ ಹಠ ಹಿಡಿದು, ಫ್ರೇಮ್ ಒಡೆಸಿ ಉಳಿಸಿದ್ದು ಈ ತಪ್ಪಿರುವ ಪ್ರತಿಯನ್ನೇ.