ಕಟ್ಟಡದ ಕೆಳಗಿನ ಮೀನೂಟ: ಸಿಂಗಪುರಕ್ಕೆ ಹೊಸದಾಗಿ ಬಂದ ಕನ್ನಡಿಗರಿಗೆ

ಸಿಂಗಪುರಕ್ಕೆ ಬಂದ ಮೊದಲ ನಾಲ್ಕು ವರ್ಷ ನಾನು ನಮ್ಮ ಎಚ್‌ಡಿಬಿ ಎಂಬ ಸರ್ಕಾರಿ ವಸತಿ ಕಟ್ಟಡದ ನೆಲಮಹಡಿಯಲ್ಲಿದ್ದ ಚೀನೀ ಮೀನಡುಗೆಯ ಅಂಗಡಿಯನ್ನು ದಿನಕ್ಕೆರಡು ಬಾರಿ ಹಾದುಹೋಗುತ್ತಿದ್ದೆನೇ ಹೊರತು ಒಂದು ದಿನವೂ ಅಲ್ಲಿ ಕುಳಿತು ಉಂಡಿರಲಿಲ್ಲ. ಭಾನುವಾರ ಬಂತೆಂದರೆ ಮೀನೂಟಕ್ಕಾಗಿ ರೈಲು ಹಿಡಿದು ಲಿಟಲ್ ಇಂಡಿಯಾಕ್ಕೆ ಹೋಗುತ್ತಿದ್ದೆ. ಕುಂದಾಪುರದ ಕಡೆಯವನು, ಮೀನಿಲ್ಲದೆ ಅನ್ನ ಇಳಿಯದವನು, ಜೀವಂತ ಮೀನು ಈಜುವ ಗಾಜಿನ ತೊಟ್ಟಿ ಮನೆಯಿಂದ ಇಪ್ಪತ್ತು ಹೆಜ್ಜೆಯಲ್ಲಿದ್ದರೂ ಅತ್ತ ಮುಖ ಹಾಕಲಿಲ್ಲ. ಭಾಷೆ ಬಾರದೆಂಬ ಸಂಕೋಚ ಒಂದು ಕಡೆ, ಒಳಗಿನಿಂದ ಬರುವ ವಾಸನೆ ನಮ್ಮದಲ್ಲವೆಂಬ ಬಿಗುಮಾನ ಇನ್ನೊಂದು ಕಡೆ. ಆ ನಾಲ್ಕು ವರ್ಷಗಳನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಉದ್ಯೋಗದ ಪಾಸು, ಬ್ಯಾಂಕ್ ಖಾತೆ, ಸಿಂಗ್‌ಪಾಸ್ ಎಂಬ ಸರ್ಕಾರಿ ಡಿಜಿಟಲ್ ಗುರುತು ಇವಕ್ಕೆಲ್ಲ ಕಚೇರಿಯವರು ನೆರವಾಗುತ್ತಾರೆ. ಈ ಮೇಜಿಗೆ ಕರೆದೊಯ್ದು ಕೂರಿಸುವವರು ಯಾರೂ ಇರುವುದಿಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಇಂಥ ಅಂಗಡಿಗಳನ್ನು ಇಲ್ಲಿ ಝೀ ಚಾರ್ ಎನ್ನುತ್ತಾರೆ. ಹೊಕ್ಕಿಯೆನ್ ಎಂಬ ಚೀನೀ ನುಡಿಯಲ್ಲಿ ಅದಕ್ಕೆ ಬೇಯಿಸುವುದು, ಹುರಿಯುವುದು ಎಂದಷ್ಟೇ ಅರ್ಥ. ಚೀನೀ ಮನೆಗಳಲ್ಲಿ ಅನ್ನದೊಂದಿಗೆ ಉಣ್ಣುವ ಅಡುಗೆಯನ್ನೇ ಇಲ್ಲಿ ದೊಡ್ಡ ಉರಿಯ ಮೇಲೆ, ಹೇಳಿದ ಮೇಲೆ ಬಿಸಿಬಿಸಿಯಾಗಿ ಮಾಡಿಕೊಡುತ್ತಾರೆ. ಸಾಮಾನ್ಯವಾಗಿ ಕೋಪಿಟಿಯಮ್ ಎಂಬ ಕಾಫಿ ಅಂಗಡಿಯ ಒಂದು ಮೂಲೆ ಅವರದಾಗಿರುತ್ತದೆ. ಕುಡಿಯುವುದನ್ನು ಮಾರುವವರು ಬೇರೆಯವರು, ಅದರ ಹಣವೂ ಬೇರೆ. ಕೋಪಿ ಎಂದರೆ ಡಬ್ಬಿಯ ಸಿಹಿ ಹಾಲು ಬೆರೆಸಿದ ಕಾಫಿ. ಹಾಲು ಬೇಡವಾದರೆ ಕೋಪಿ-ಓ ಎನ್ನಬೇಕು. ಖಾಲಿ ಮೇಜಿನ ಮೇಲೆ ಕಾಗದದ ಕರವಸ್ತ್ರದ ಪೊಟ್ಟಣವೊಂದು ಬಿದ್ದಿದ್ದರೆ ಅದನ್ನು ಯಾರೋ ಮರೆತು ಹೋದದ್ದಲ್ಲ, ಮೇಜನ್ನು ಕಾದಿರಿಸಿದ್ದಾರೆ ಎಂದು ತಿಳಿಯಿರಿ. ಉಂಡಾದ ಮೇಲೆ ತಟ್ಟೆ ಎತ್ತಿಡುವುದು ಕಾಫಿ ಅಂಗಡಿಗಳಲ್ಲಿಯೂ 2022ರ ಜನವರಿಯಿಂದ ಕಡ್ಡಾಯವಾಗಿದೆ.

ನನ್ನ ಮೊದಲ ತಪ್ಪು ನಮ್ಮ ಊರಿನ ಅಭ್ಯಾಸದಿಂದಲೇ ಹುಟ್ಟಿದ್ದು. ನಮ್ಮ ಮೀನೂಟದ ಹೋಟೆಲಿನಲ್ಲಿ ಪ್ರತಿಯೊಬ್ಬರಿಗೂ ಅನ್ನ, ಸಾರು, ಪಲ್ಯದ ತಟ್ಟೆಯೊಂದು ಬರುತ್ತದೆ. ಬೇಕಾದವರು ಮೇಲೊಂದು ಬಂಗುಡೆ ಫ್ರೈ ಹೇಳುತ್ತಾರೆ. ಅದೇ ಲೆಕ್ಕದಲ್ಲಿ ನಾವು ನಾಲ್ವರು ನಾಲ್ಕು ಬಗೆಯನ್ನು ಹೇಳಿ, ತಮ್ಮತಮ್ಮದನ್ನು ಎದುರಿಗೆಳೆದುಕೊಂಡು ಉಂಡೆವು. ಒಬ್ಬನ ಪಾಲಿಗೆ ಬರೀ ಎಣ್ಣೆಯಲ್ಲಿ ಕರಿದ ಸಿಗಡಿ, ಇನ್ನೊಬ್ಬಳ ಪಾಲಿಗೆ ಬರೀ ಸೊಪ್ಪು. ಊಟ ಮುಗಿದಾಗ ಯಾರಿಗೂ ಉಂಡ ತೃಪ್ತಿ ಇರಲಿಲ್ಲ, ಚೀನೀ ಅಡುಗೆಯೇ ಹೀಗೆ ಎಂದು ದೂರಿಕೊಂಡು ಎದ್ದುಬಂದೆವು. ತಪ್ಪು ಅಡುಗೆಯದ್ದಾಗಿರಲಿಲ್ಲ. ಇಲ್ಲಿ ಅನ್ನವೊಂದೇ ಒಬ್ಬೊಬ್ಬರದು. ಉಳಿದದ್ದೆಲ್ಲ ಮೇಜಿನ ನಡುವೆ ಇರುತ್ತದೆ, ಎಲ್ಲರದೂ ಆಗಿರುತ್ತದೆ. ಸಣ್ಣದು, ಮಧ್ಯಮ, ದೊಡ್ಡದು ಎಂದು ಫಲಕದಲ್ಲಿ ಮೂರು ಬೆಲೆಗಳಿರುವುದು ಕುಳಿತವರ ಸಂಖ್ಯೆಗೆ ತಕ್ಕಂತೆ ಹೇಳಲಿ ಎಂದೇ. ಒಂದು ಮೀನು, ಒಂದು ಸೊಪ್ಪು, ಒಂದು ತೋಫು ಅಥವಾ ಮೊಟ್ಟೆ, ಒಂದು ಮಾಂಸ ಎಂದು ಹೇಳಿದರೆ ಖಾರ, ಹುಳಿ, ಸಪ್ಪೆ ಒಂದಕ್ಕೊಂದು ಜೊತೆಯಾಗುತ್ತವೆ.

ಎರಡನೆಯ ತಪ್ಪಿಗೆ ನಾನು ತೆತ್ತ ಬೆಲೆ ದೊಡ್ಡದು. ಊರಿನಿಂದ ಬಂದಿದ್ದ ಅಕ್ಕ ಭಾವನನ್ನು ಕರೆದುಕೊಂಡು ಸಮುದ್ರದ ಬದಿಯ ಒಂದು ಅಂಗಡಿಗೆ ಹೋಗಿದ್ದೆ. ಏಡಿಯ ಚಿತ್ರದ ಕೆಳಗೆ 8 ಡಾಲರ್ ಎಂದಿತ್ತು. ಅದರ ಬದಿಯಲ್ಲಿ ಸಣ್ಣ ಅಕ್ಷರದಲ್ಲಿದ್ದ 100 ಗ್ರಾಂ ಎಂಬುದನ್ನು ನಾನು ನೋಡಲಿಲ್ಲ. ಎರಡು ಏಡಿ ತೋರಿಸಿದೆ. ಅವೆರಡೂ ಸೇರಿ 2.2 ಕಿಲೋ ತೂಗಿದವು. ಏಡಿಗಷ್ಟೇ 176 ಡಾಲರ್ ಬಿದ್ದಿತು. ಭಾವ ಚೀಟಿಯನ್ನು ನೋಡಿ ತಮ್ಮ ಜೇಬಿಗೆ ಕೈ ಹಾಕಿದ್ದು, ಅಕ್ಕ ಉಣ್ಣುವ ಕೈಯನ್ನು ಹಾಗೆಯೇ ನಿಲ್ಲಿಸಿದ್ದು ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಮೋಸ ಯಾರೂ ಮಾಡಿರಲಿಲ್ಲ, ಕೇಳದೇ ಇದ್ದದ್ದು ನಾನು. ಬೆಲೆಯ ಜಾಗದಲ್ಲಿ ಶಿ ಜ್ಯಾ ಎಂಬ ಎರಡು ಚೀನೀ ಅಕ್ಷರಗಳಿದ್ದರೆ, ಅಥವಾ ಸೀಸನಲ್ ಪ್ರೈಸ್ ಎಂದಿದ್ದರೆ, ಆ ದಿನದ ದರದಂತೆ ತೂಕಕ್ಕೆ ಹಾಕುತ್ತಾರೆಂದು ಅರ್ಥ. ಮಲ್ಪೆಯ ದಕ್ಕೆಯಲ್ಲಿ ಬುಟ್ಟಿಗೆ ಕೈ ಹಾಕುವ ಮುನ್ನ ದರ ಕೇಳುವ ನಾವು ಇಲ್ಲಿ ಕೇಳಲು ನಾಚಬೇಕಾಗಿಲ್ಲ. ನೂರು ಗ್ರಾಮಿಗೆ ಎಷ್ಟು, ಇದು ಎಷ್ಟು ತೂಗುತ್ತದೆ, ಒಟ್ಟು ಎಷ್ಟಾಗುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಯಾರೂ ಬೇಸರಿಸುವುದಿಲ್ಲ. ಮೇಜಿಗೆ ತಾವಾಗಿ ಬರುವ ಕಡಲೆಕಾಯಿಗೂ ಒದ್ದೆ ಕರವಸ್ತ್ರಕ್ಕೂ ಹಲವು ಕಡೆ ಹಣ ಹಿಡಿಯುತ್ತಾರೆ, ಬೇಡವಾದರೆ ಮೊದಲೇ ಹಿಂದಿರುಗಿಸಿ. ಹವಾನಿಯಂತ್ರಿತ ರೆಸ್ಟೊರೆಂಟುಗಳಲ್ಲಿ ಸಾಮಾನ್ಯವಾಗಿ ಶೇ. 10 ಸೇವಾ ಶುಲ್ಕವೂ, ಅದರ ಮೇಲೆ 2024ರಿಂದ ಶೇ. 9 ಆಗಿರುವ ಜಿಎಸ್‌ಟಿಯೂ ಸೇರುತ್ತವೆ. ಟಿಪ್ಸ್ ಕೊಡುವ ಪದ್ಧತಿ ಇಲ್ಲ.

ಆದರೂ ಏಡಿಯನ್ನು ಬಿಡಬೇಡಿ. ಚಿಲ್ಲಿ ಕ್ರ್ಯಾಬ್ ಹುಟ್ಟಿದ್ದೇ ಈ ಊರಿನಲ್ಲಿ, 1950ರ ದಶಕದಲ್ಲಿ, ಚೆರ್ ಯಾಮ್ ತಿಯಾನ್ ಎಂಬ ಗೃಹಿಣಿಯ ಕೈಯಲ್ಲಿ. ಬರೀ ಹಬೆಯಲ್ಲಿ ಬೇಯಿಸುತ್ತಿದ್ದ ಏಡಿಗೆ ಆಕೆ ಟೊಮೆಟೊ ಸಾಸ್ ಮತ್ತು ಮೆಣಸು ಸೇರಿಸಿ, ತಳ್ಳುಗಾಡಿಯಲ್ಲಿ ಮಾರತೊಡಗಿದರು. ಅದರ ಗೊಜ್ಜಿಗೆ ಕರಿದ ಮಂತೌ ಎಂಬ ಸಣ್ಣ ಬನ್ನನ್ನು ಅದ್ದಿ ತಿನ್ನುತ್ತಾರೆ. ಕೋಳಿ ಸಾರಿಗೆ ರೊಟ್ಟಿ ಮುರಿದು ಹಾಕಿಕೊಂಡು ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೀನಿನ ತಲೆಯ ಕರಿ ಇನ್ನೂ ಹತ್ತಿರದ್ದು. 1949ರಲ್ಲಿ ಕೇರಳ ಮೂಲದ ಎಂ. ಜೆ. ಗೋಮೆಜ್ ಎಂಬವರು ಚೀನೀ ಗಿರಾಕಿಗಳಿಗೆ ಮೀನಿನ ತಲೆ ಇಷ್ಟವೆಂದು ಕಂಡು ಅದನ್ನು ನಮ್ಮ ಕಡೆಯ ಮಸಾಲೆಯಲ್ಲಿ ಬೇಯಿಸಿದರು. ಈಗ ಚೀನೀ ಅಡುಗೆಯವರೇ ಹುಣಿಸೆಹುಳಿ, ಬೆಂಡೆ, ಬದನೆ ಹಾಕಿ ಅದನ್ನು ಮಾಡುತ್ತಾರೆ. ಸಾಂಬಾಲ್ ಎಂಬ ಮೆಣಸಿನ ಮಸಾಲೆಯಲ್ಲಿ ಹುರಿದ ಕಾಂಗ್‌ಕಾಂಗ್ ಎಂಬ ಟೊಳ್ಳು ದಂಟಿನ ಸೊಪ್ಪಿನಲ್ಲಿ ಬೆಲಾಚಾನ್ ಇರುತ್ತದೆ. ಹುಳಿಹಿಡಿಸಿದ ಸಿಗಡಿಯ ಮುದ್ದೆ ಅದು. ನಾನು ನಾಲ್ಕು ವರ್ಷ ಮೂಗು ಮುಚ್ಚಿಕೊಂಡದ್ದು ಈ ವಾಸನೆಗೇ. ಮಳೆಗಾಲದಲ್ಲಿ ಅಮ್ಮ ಒಣಸಿಗಡಿಯನ್ನು ಕೆಂಡದಲ್ಲಿ ಸುಟ್ಟು ಚಟ್ನಿ ಅರೆಯುವಾಗ ನೆರೆಮನೆಯವರಿಗೂ ಹಾಗೆಯೇ ಅನಿಸಿದ್ದೀತು ಎಂಬುದು ಬಹಳ ತಡವಾಗಿ ಹೊಳೆಯಿತು.

ಸಸ್ಯಾಹಾರಿಗಳಿಗೆ ಒಂದು ಮಾತು. ಸೊಪ್ಪಿಗೂ ಆಯ್ಸ್ಟರ್ ಎಂಬ ಚಿಪ್ಪುಮೀನಿನ ಸಾಸ್, ಒಣಸಿಗಡಿ, ಕೆಲವೆಡೆ ಹಂದಿಯ ಕೊಬ್ಬು ಬೀಳುತ್ತದೆ, ಬಾಣಲೆಯೂ ಒಂದೇ. ಕಟ್ಟುನಿಟ್ಟಿನವರು ಚೀನೀ ಬೌದ್ಧ ಸಸ್ಯಾಹಾರದ ಅಂಗಡಿಗಳನ್ನು ಹುಡುಕಬೇಕು. ಅವರಲ್ಲಿ ಅನೇಕರು ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ.

ಮೂರನೆಯ ತಪ್ಪು ಹಣದ್ದಲ್ಲ. ಸಹೋದ್ಯೋಗಿಯೊಬ್ಬರು ತಮ್ಮ ತಂದೆಯ ಹುಟ್ಟುಹಬ್ಬಕ್ಕೆ ಕರೆದಿದ್ದರು. ಹಬೆಯಲ್ಲಿ ಬೇಯಿಸಿ ಶುಂಠಿ, ಸೋಯಾ, ಕಾದ ಎಣ್ಣೆ ಸುರಿದ ಇಡೀ ಮೀನು ನಡುವೆ ಬಂತು. ಮೇಲಿನ ಭಾಗ ಮುಗಿದಾಗ ನಾನು ಮುಂದೆ ಬಂದು, ಎಲ್ಲರಿಗೂ ನೆರವಾಗಲೆಂದು ಮೀನನ್ನು ಮಗುಚಿ ಹಾಕಿದೆ. ಮೇಜು ಒಮ್ಮೆಲೇ ಮೌನವಾಯಿತು. ಮೀನು ಮಗುಚಿದರೆ ದೋಣಿ ಮಗುಚಿದಂತೆ ಎಂದು ಆ ಹಿರಿಯರ ನಂಬಿಕೆ. ನಡುವಿನ ಮುಳ್ಳನ್ನು ಎತ್ತಿ ತೆಗೆದು ಕೆಳಗಿನ ಭಾಗವನ್ನು ಉಣ್ಣಬೇಕು. ಮೀನುಗಾರರ ಕೇರಿಯ ಪಕ್ಕದಲ್ಲಿ ಬೆಳೆದ ನನಗೆ, ದೋಣಿ ಹಿಂದಿರುಗದ ರಾತ್ರಿ ಹೇಗಿರುತ್ತದೆಂದು ಕಂಡಿದ್ದ ನನಗೆ, ಈ ಮಾತನ್ನು ಬೇರೆಯವರು ಹೇಳಿಕೊಡಬೇಕಾಯಿತಲ್ಲ ಎಂಬ ನೋವು ಇಂದಿಗೂ ಇದೆ.

ಕಡೆಗೂ ನನ್ನನ್ನು ನಮ್ಮ ಕಟ್ಟಡದ ಕೆಳಗಿನ ಅಂಗಡಿಯಲ್ಲಿ ಕೂರಿಸಿದವರು ಅಪ್ಪ. ಊರಿನಿಂದ ಬಂದ ಮೂರನೆಯ ದಿನವೇ ನೇರವಾಗಿ ತೊಟ್ಟಿಯ ಬಳಿಗೆ ಹೋಗಿ, ಪಕ್ಕದ ಮಂಜುಗಡ್ಡೆಯ ಮೇಲಿದ್ದ ಮೀನಿನ ಕಿವಿರು ಬಿಡಿಸಿ ಕೆಂಪಿದೆಯೇ ಎಂದು ನೋಡಿದರು. ಅಡುಗೆಯ ಹಿರಿಯರು ನಕ್ಕು, ಒಳಗಿನಿಂದ ಇನ್ನೂ ಚೆನ್ನಾದದ್ದನ್ನು ತಂದು ತೋರಿಸಿದರು. ಇಬ್ಬರಿಗೂ ಒಂದೇ ಒಂದು ಸಮಾನ ಪದ ಗೊತ್ತಿರಲಿಲ್ಲ. ಅಪ್ಪ ಒಂದೊಂದನ್ನೇ ಬೆರಳಿಟ್ಟು ಮಾಂಜಿ, ತೊರಕೆ, ಬೊಂಡಾಸ್ ಎನ್ನುತ್ತ ಹೋದಾಗ ಪಕ್ಕದಲ್ಲಿದ್ದ ನನ್ನ ಮಗಳು ಅವನ್ನು ಮೊದಲ ಬಾರಿಗೆ ಕೇಳಿಸಿಕೊಂಡಳು. ಇಲ್ಲೇ ಹುಟ್ಟಿದ ಮಗು ಅವಳು. ಇಲ್ಲಿನ ಶಾಲೆಗಳಲ್ಲಿ ಮಾತೃಭಾಷೆಯ ವಿಷಯವಾಗಿ ತಮಿಳು, ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಇವೆ, ಕನ್ನಡವಿಲ್ಲ. ಅವಳು ಹಿಂದಿ ಕಲಿಯುತ್ತಾಳೆ. ಚಾಪ್‌ಸ್ಟಿಕ್ಕಿನಿಂದ ಮೀನಿನ ಕೆನ್ನೆಯ ಮೆತ್ತನೆಯ ತುಣುಕನ್ನು ಮುರಿಯದೆ ಎತ್ತುತ್ತಾಳೆ, ಅಂಗಡಿಯ ಆಂಟಿಯೊಂದಿಗೆ ನಾಲ್ಕು ಮಾತು ಮ್ಯಾಂಡರಿನ್ ಆಡುತ್ತಾಳೆ. ಆದರೆ ಆ ದಿನದವರೆಗೂ ಮಾಂಜಿ ಎಂಬ ಪದ ಅವಳ ಕಿವಿಗೆ ಬಿದ್ದಿರಲಿಲ್ಲ. ಮನೆಯಲ್ಲಿ ಫಿಶ್ ಎಂದಷ್ಟೇ ಹೇಳುತ್ತ ಬಂದದ್ದು ನಾವೇ. ಆ ಅಂಗಡಿ ಅವಳಿಗೆ ಊರಾಗಿದೆ, ನಾನು ಊರೆನ್ನುವುದು ಅವಳಿಗೆ ರಜೆಯಲ್ಲಿ ಹೋಗುವ ಜಾಗ. ಇದರಲ್ಲಿ ಯಾವುದನ್ನು ಸಂತೋಷವೆನ್ನಬೇಕು, ಯಾವುದನ್ನು ನಷ್ಟವೆನ್ನಬೇಕು ಎಂದು ಇನ್ನೂ ನನಗೆ ತೀರ್ಮಾನಿಸಲಾಗಿಲ್ಲ.

ಮೊದಲ ಸಲ ಹೋಗುವಾಗ ಸಂಜೆ ಆರೂವರೆಯೊಳಗೆ ತಲುಪಿ. ಏಳು ದಾಟಿದರೆ ಒಲೆಯ ಬಳಿ ಮಾತನಾಡಲು ಯಾರಿಗೂ ಬಿಡುವಿರುವುದಿಲ್ಲ. ನಡುವಯಸ್ಸಿನವರನ್ನು ಅಂಕಲ್, ಆಂಟಿ ಎಂದೇ ಕರೆಯಿರಿ, ಇಲ್ಲಿಯೂ ಅದೇ ಮರ್ಯಾದೆಯ ಮಾತು. ನಾಲ್ವರಿದ್ದರೆ ಹಬೆಯಲ್ಲಿ ಬೆಂದ ಮೀನೊಂದು, ಸಾಂಬಾಲ್ ಸೊಪ್ಪು ಸಣ್ಣದು, ತೋಫು ಸಣ್ಣದು, ಸಿಗಡಿಯ ಮುದ್ದೆ ಹಚ್ಚಿ ಕರಿದ ಕೋಳಿ, ನಾಲ್ಕು ಅನ್ನ ಹೇಳಿ. ಮಕ್ಕಳಿದ್ದರೆ ಮೆಣಸು ಬೇರೆ ಬಟ್ಟಲಲ್ಲಿ ಕೊಡಿ ಎನ್ನಿ. ಏಡಿಯನ್ನು ಎರಡನೆಯ ಸಲಕ್ಕೆ ಇಟ್ಟುಕೊಳ್ಳಿ, ಅದನ್ನು ತೂಗುವಾಗ ತಕ್ಕಡಿಯ ಎದುರಿಗೇ ನಿಂತಿರಿ.