ಒಳ್ಳೆ ಸಾಮಾನು ಎತ್ತಿಡಬೇಡಿ, ಬಳಸಿ
ಬೀರುವಿನಲ್ಲಿ ಎತ್ತಿಟ್ಟ ಒಳ್ಳೆ ಬೆಡ್‌ಶೀಟ್, ಪಿಂಗಾಣಿ ತಟ್ಟೆಗಳನ್ನು ಈ ವಾರವೇ ಹೊರಗೆ ತೆಗೆಯಿರಿ. ಎತ್ತಿಟ್ಟರೆ ಹಾಳಾಗುವುದಿಲ್ಲ ಅನ್ನೋದು ತಪ್ಪು. ನಾನು ವರ್ಷಗಟ್ಟಲೆ ಜೋಪಾನ ಮಾಡಿದ ಬಿಳಿ ಹೊದಿಕೆಯನ್ನು ಬಿಡಿಸಿ ನೋಡಿದರೆ ಮಡಿಕೆಯ ಗೆರೆಯುದ್ದಕ್ಕೂ ಹಳದಿ ಕಲೆ, ಒಂದು ಕಡೆ ಬಟ್ಟೆಯೇ ಬಿರಿದಿತ್ತು, ಒಂದು ದಿನವೂ ಹೊದ್ದಿರಲಿಲ್ಲ, ತುಂಬಾ ಬೇಜಾರಾಯಿತು. ಎಲಾಸ್ಟಿಕ್ ಸುಮ್ನೆ ಇಟ್ಟರೂ ಸಡಿಲವಾಗುತ್ತದೆ. ಬೆಳ್ಳಿ ಲೋಟ, ಚಮಚ ಗಾಳಿಗೆ ಕಪ್ಪಾಗುತ್ತವೆ, ದಿನಾ ಬಳಸಿ ತೊಳೆದು ಒರೆಸಿದರೆ ಹೊಳಪು ಜಾಸ್ತಿ ದಿನ ಉಳಿಯುತ್ತದೆ, ಪಾಲಿಶ್ ಮಾಡುವ ಕೆಲಸವೂ ಕಡಿಮೆ ಅಲ್ವಾ? ಆದರೆ ಚಿನ್ನದ ಅಂಚಿನ ತಟ್ಟೆ ಮೈಕ್ರೋವೇವ್‌ಗೆ ಬೇಡ, ಕಿಡಿ ಹಾರುತ್ತದೆ. ಎಲ್ಲ ಒಮ್ಮೆಲೇ ತೆಗೆಯಲು ಮನಸ್ಸು ಬಾರದಿದ್ದರೆ ನಿಮಗೆ ತುಂಬಾ ಇಷ್ಟವಾದ ಕಪ್ ಒಂದನ್ನು ಮುಂದಿನ ಸಾಲಿಗೆ ತಂದಿಡಿ, ನಾಳೆ ಬೆಳಗ್ಗೆ ಅದರಲ್ಲೇ ಕುಡಿಯಿರಿ.